ಯಾರ ಕೈಯ ಮದ್ದು

ನಾನು ಬೈಲಹೊಂಗಲದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಹಾವು ಹಾಲು ಕುಡಿಯುವುದಿಲ್ಲ, ಗ್ರಹಣದ ಹೊತ್ತಿನಲ್ಲಿ ಊಟ ಮಾಡಿದರೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಅಂಥ ನಾನು ಮೂರು ವರ್ಷಗಳ ಕಾಲ, ನನ್ನ ಗಂಡನ ಅಣ್ಣನ ಹೆಂಡತಿ ನನ್ನ ಊಟದಲ್ಲಿ ಮದ್ದು ಹಾಕಿದ್ದಾಳೆ ಎಂದು ನಂಬಿಕೊಂಡಿದ್ದೆ. ನಮ್ಮ ಕಡೆ ಮದ್ದು ಎಂದರೆ ಔಷಧವೂ ಹೌದು, ಆಗದವರಿಗೆ ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ವಿಷವೂ ಹೌದು. ನಾನು ನಂಬಿದ್ದು ಎರಡನೆಯದನ್ನು.

ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅಕ್ಕನ ಮನೆ ರಾಮದುರ್ಗದಲ್ಲಿ. ಭಾವ ಮನೆಯಲ್ಲೇ ನಾಲ್ಕು ಕರೆಂಟಿನ ಮಗ್ಗ ಇಟ್ಟುಕೊಂಡಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಅವುಗಳ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಿಯೇ ಮಾತಾಡಬೇಕು. ಹಾಗಾಗಿ ಆ ಮನೆಯವರಿಗೆಲ್ಲ ದನಿ ದೊಡ್ಡದು. ಮದುವೆಯಾಗಿ ಬಂದ ಹೊಸತರಲ್ಲಿ ಅಕ್ಕ ಸುಮ್ಮನೆ ‘ಚಾ ಕುಡಿ’ ಅಂದರೂ ನನಗೆ ಬೈದಂತೆ ಕೇಳುತ್ತಿತ್ತು. ಜೊತೆಗೆ, ಆಕೆಗೆ ತನ್ನ ಸ್ವಂತ ತಂಗಿಯನ್ನು ನನ್ನ ಗಂಡನಿಗೆ ತಂದುಕೊಳ್ಳಬೇಕೆಂಬ ಆಸೆ ಇತ್ತಂತೆ. ನನ್ನನ್ನು ನೋಡಿದ ಮೇಲೆ ಇವರು ಒಪ್ಪಲಿಲ್ಲ. ಈ ಮಾತನ್ನು ಯಾರೋ ಮದುವೆಯ ಪಂಕ್ತಿಯಲ್ಲೇ ನನ್ನ ಕಿವಿಗೆ ಹಾಕಿದ್ದರು. ಹದಿನಾರು ವರ್ಷ ಅದು ಸುಮ್ಮನೆ ಒಳಗೆ ಬಿದ್ದುಕೊಂಡಿತ್ತು.

ಮೊದಲ ಸಲ ನನಗೆ ಉಸಿರು ಕಟ್ಟಿದ್ದು ಆ ಮನೆಯಲ್ಲಿಯೇ. ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಇವರು ಮೊದಲೇ ಹೋಗಿದ್ದರು. ಶಾಲೆ ಮುಗಿಸಿಕೊಂಡು ಮರುದಿನ ನಾನೊಬ್ಬಳೇ ಹೊರಟೆ. ಮುನವಳ್ಳಿ ಮೇಲೆ ಸವದತ್ತಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟುವಷ್ಟರಲ್ಲಿ ಬಿಸಿಲಿಗೆ ತಲೆ ಒಡೆದು ಹೋಗುತ್ತಿತ್ತು. ಹೋದ ಸ್ವಲ್ಪ ಹೊತ್ತಿಗೆ ಅಕ್ಕ ತಾಟು ಬಡಿಸಿದಳು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಉಂಡು ಮುಕ್ಕಾಲು ತಾಸು ಆಗಿತ್ತೋ ಇಲ್ಲವೋ, ಮೂಗು ಕಟ್ಟಿತು, ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು, ಮುಖ ಬಿಸಿಯಾಯಿತು. ಆಮೇಲೆ ಎದೆಯೊಳಗೆ ಯಾರೋ ಹಗ್ಗ ಬಿಗಿದಂತೆ. ಒಳಗೆ ಎಳೆದುಕೊಂಡ ಉಸಿರು ಹೊರಗೆ ಬರುವಾಗ ಸೀಟಿ ಹೊಡೆಯುತ್ತಿತ್ತು. ತೊಟ್ಟಿಲ ಸುತ್ತ ಕೂತು ಹಾಡುತ್ತಿದ್ದ ಹೆಣ್ಣುಮಕ್ಕಳು ಹಾಡು ನಿಲ್ಲಿಸಿ ನನ್ನ ಕಡೆ ನೋಡಿದರು. ಭಾವ ಮಗ್ಗದ ಹತ್ತಿಯ ಧೂಳು ಇರಬೇಕು ಅಂದರು. ಹತ್ತಿರದ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು.

ಧೂಳು ಅಂತಲೇ ನಾನೂ ಅಂದುಕೊಂಡೆ. ಆದರೆ ಅದೇ ವರ್ಷ ನನ್ನ ಮೂಗು ವಾಸನೆ ಹಿಡಿಯುವುದನ್ನು ಬಿಟ್ಟಿತು. ಕೊರೊನಾ ಕಾಲ. ವಾಸನೆ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ತಪ್ಪಾಯಿತು. ಪಕ್ಕದ ಕುರ್ಚಿಯವರು ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಹೋದರು. ಎರಡು ಸಲ ಪರೀಕ್ಷೆ ಮಾಡಿಸಿದೆ, ಎರಡು ಸಲವೂ ಕೊರೊನಾ ಇಲ್ಲ ಎಂದು ಬಂತು. ಎಲ್ಲರಿಗೂ ಹೋದ ವಾಸನೆ ಹದಿನೈದು ದಿನಕ್ಕೋ ತಿಂಗಳಿಗೋ ತಿರುಗಿ ಬಂತು, ನನಗೆ ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸೀದರೂ ಗೊತ್ತಾಗುತ್ತಿರಲಿಲ್ಲ. ಒಗ್ಗರಣೆ ಹೊತ್ತಿದ್ದು ಕಣ್ಣಿಗೆ ಕಂಡರೆ ಮಾತ್ರ ಕಂಡಿತು. ವಾಸನೆ ಇಲ್ಲದ ಊಟ ಎಂಥದೆಂದು ಅನುಭವಿಸದವರಿಗೆ ಹೇಳುವುದು ಕಷ್ಟ. ಉಪ್ಪು, ಹುಳಿ, ಖಾರ, ಕಹಿ ನಾಲಗೆಗೆ ಹತ್ತುತ್ತವೆ, ಆದರೆ ತಿನ್ನುತ್ತಿರುವುದು ಏನು ಎಂಬುದು ತಿಳಿಯುವುದಿಲ್ಲ. ಬಾಯಿಗೆ ಹಾಕಿಕೊಂಡಿದ್ದು ಹೋಳಿಗೆಯೋ ಒದ್ದೆ ಮಣ್ಣೋ! ನನ್ನ ಸಂಶಯ ಹುಟ್ಟಿದ್ದು ಅಲ್ಲಿಂದ. ಊಟದಲ್ಲಿ ಏನಿದೆ ಎಂದು ಪರೀಕ್ಷಿಸುವ ಸಾಧನವೇ ನನ್ನಲ್ಲಿ ಇರಲಿಲ್ಲ.

ಆ ದೀಪಾವಳಿಗೆ ಅಕ್ಕ ಇವರ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸಿದಳು. ಅವತ್ತು ನಾನು ತಿಂಗಳ ಹೊಟ್ಟೆನೋವಿನಿಂದ ಮಲಗಿದ್ದೆ. ಎದ್ದು ಒಂದು ಹೋಳಿಗೆ ತಿಂದೆ. ಒಂದು ತಾಸಿನೊಳಗೆ ಅದೇ ಮೂಗು ಕಟ್ಟುವುದು, ಅದೇ ಕೆಂಪು ಕಣ್ಣು, ಅದೇ ಸೀಟಿ. ಈ ಸಲ ಹತ್ತಿಯ ಧೂಳು ಇರಲಿಲ್ಲ. ಇವರು ಮೂರು ಹೋಳಿಗೆ ತಿಂದು ಗಟ್ಟಿಮುಟ್ಟಾಗಿಯೇ ಇದ್ದರು.

ನನ್ನ ಅವ್ವ ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಇರುತ್ತಾಳೆ. ಸುದ್ದಿ ಕೇಳಿ ಬಂದವಳು ನನ್ನ ಹಾಸಿಗೆಯ ಮೇಲೆ ಕೂತು, ಅಡಿಗೆಮನೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದಳು.

‘ಆ ಹೋಳಿಗಿ ನಿನಗ ಬ್ಯಾರೆ ಕಟ್ಟಿ ಕಳಿಸಿದ್ಳೇನ?’

‘ಹೌದಬೇ. ಕಾಗದಾಗ ಎರಡು ಬ್ಯಾರೆ ಇದ್ದೂ. ತುಪ್ಪ ಜಾಸ್ತಿ ಹಾಕೇನಿ, ಆಕಿಗೆ ಕೊಡ ಅಂದಿದ್ಳಂತ.’

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಷ್ಟೇ ಸಾಕಾಯಿತು.

ಸವದತ್ತಿಯ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಮುದುಕಿ ಇದ್ದಾಳೆಂದು ಅವ್ವನಿಗೆ ಗೊತ್ತಿತ್ತು. ಶಾಲೆಗೆ ಮದುವೆಯ ನೆಪ ಹೇಳಿ ರಜೆ ಹಾಕಿ ಹೋದೆ. ಇವರಿಗೆ ಹೇಳಲಿಲ್ಲ. ಮುದುಕಿ ಯಾವುದೋ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದಳು. ಹಿತ್ತಲಲ್ಲಿ ಕೂತು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದೆ. ಮುದುಕಿ ಅದರೊಳಗೆ ಕಡ್ಡಿ ಆಡಿಸಿ, ಕೂದಲು ಸುತ್ತಿದ ಒಂದು ಕರಿಯ ಉಂಡೆ ಎತ್ತಿ ತೋರಿಸಿದಳು.

‘ನೋಡ ತಂಗಿ, ಇದು ಹೆಣ್ಣಮಗಳ ಕೈ. ನಿನಗಿಂತಾ ದೊಡ್ಡಾಕಿ. ಹೊರಗಿನಾಕಿ ಅಲ್ಲ, ಮನಿಯಾಕಿನ.’

ನಾನು ಆ ಉಂಡೆಯನ್ನು ನೋಡಿದೆ. ವಾಂತಿಯೆಲ್ಲ ನೀರಾಗಿತ್ತು, ಉಂಡೆಯ ಒಂದು ಮಗ್ಗುಲು ಮಾತ್ರ ಒಣಗಿತ್ತು. ಅದು ನನ್ನ ಹೊಟ್ಟೆಯಿಂದ ಬಂದದ್ದಲ್ಲ, ಆಕೆಯ ಬೆರಳ ಸಂದಿಯಿಂದ ಬಿದ್ದದ್ದು ಎಂದು ನನಗೆ ಅಲ್ಲಿಯೇ ಗೊತ್ತಾಯಿತು. ಹಾಗಿದ್ದೂ ತಿರುಗಿ ಬರುವ ಬಸ್ಸಿನಲ್ಲಿ ನಾನು ಯೋಚಿಸುತ್ತ ಕೂತದ್ದು ಮುದುಕಿಯ ಮೋಸದ ಬಗ್ಗೆ ಅಲ್ಲ. ‘ಮನಿಯಾಕಿನ’ ಎಂದದ್ದರ ಬಗ್ಗೆ. ಮುದುಕಿಯನ್ನು ನಂಬಲಿಲ್ಲ, ಮುದುಕಿಯ ಮಾತನ್ನು ನಂಬಿದೆ. ಓದಿದ್ದು ಯಾವುದೂ ಆಗ ಸಹಾಯಕ್ಕೆ ಬರಲಿಲ್ಲ.

ಮುಂದಿನ ವೈಶಾಖದಲ್ಲಿ ನಾವು ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿ ಪೂಜೆ ಇಟ್ಟುಕೊಂಡೆವು. ಅಕ್ಕ ದೊಡ್ಡ ಡಬ್ಬಿಯಲ್ಲಿ ಮಾದಲಿ ಮಾಡಿಕೊಂಡು ಬಂದಳು. ಗೋದಿಯ ರೊಟ್ಟಿ ಕುಟ್ಟಿ ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿ ಮಾಡುವ ಸಿಹಿ ಅದು, ನನಗೆ ಬಹಳ ಇಷ್ಟವಾಗಿದ್ದದ್ದು. ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದರು. ಅಕ್ಕ ತಾನೇ ಬಡಿಸುತ್ತ ಬಂದು ನನ್ನ ಎಲೆಗೆ ಎರಡು ಮುಷ್ಟಿ ಹಾಕಿ, ಮೇಲೆ ತುಪ್ಪ ಸುರಿದಳು. ನಾನು ಕೈ ಇಡಲಿಲ್ಲ.

‘ಯಾಕ ತಂಗಿ, ತಿನ್ನು. ನಿನಗಂತನ ಮಾಡಿದ್ದ.’

‘ಮೊದಲ ನೀವು ತಿನ್ರಿ ಅಕ್ಕಾ. ನನ್ನ ಎಲಿ ಮ್ಯಾಲಿಂದು.’

ನಾನು ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಇವರು ನನ್ನ ಹೆಸರು ಹಿಡಿದು ಗದರಿದರು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತುಪ್ಪದ ಗಿಂಡಿಯನ್ನು ನೆಲಕ್ಕಿಟ್ಟು, ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ನನ್ನ ಎಲೆಯ ಮೇಲಿನ ಮಾದಲಿಯನ್ನು ಅಷ್ಟೂ ತಿಂದಳು. ಒಂದು ಅಗಳು ಬಿಡಲಿಲ್ಲ. ಅಗಿದದ್ದೂ ಕೇಳುವಷ್ಟು ಮನೆ ಸುಮ್ಮನಿತ್ತು. ತಿಂದು ಎದ್ದು, ಕೈ ತೊಳೆದುಕೊಂಡು, ಭಾವನಿಗೆ ‘ನಡೀರಿ’ ಅಂದಳು. ಊಟ ಮಾಡದೆಯೇ ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋದರು. ಅಂದಿನಿಂದ ಎರಡೂ ಮನೆಗೆ ಹೋಗಿಬರುವ ಬಳಕೆ ನಿಂತಿತು.

ಬಳಕೆ ನಿಂತಿತು, ಉಬ್ಬಸ ನಿಲ್ಲಲಿಲ್ಲ. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುತ್ತಲೇ ಇತ್ತು. ಹಳೆಯದು ಇನ್ನೂ ಒಳಗೆ ಉಳಿದಿದೆ ಎಂದು ಅವ್ವ ಅಂದಳು. ಒಂದು ಸಲ ಮಕ್ಕಳನ್ನು ಕಿತ್ತೂರಿನ ಕೋಟೆ ತೋರಿಸಲು ಕರೆದುಕೊಂಡು ಹೋದಾಗ, ಅಲ್ಲಿಯೇ ಬುರುಜಿನ ನೆರಳಿನಲ್ಲಿ ಕೂತು ಉಸಿರಿಗಾಗಿ ಬಾಯಿ ಬಿಟ್ಟೆ. ಅವತ್ತು ಹೈವೇದ ಧೂಳು ಎಂದು ಸಮಾಧಾನ ಮಾಡಿಕೊಂಡೆ. ಅಕ್ಕನ ಊಟವಾದ ಮೇಲೆ ಬಂದರೆ ಮದ್ದು, ಅಕ್ಕ ಇಲ್ಲದಾಗ ಬಂದರೆ ಧೂಳು. ಮಕ್ಕಳು ಹೀಗೆ ಲೆಕ್ಕ ಬಿಡಿಸಿದ್ದರೆ ಕಿವಿ ಹಿಂಡುತ್ತಿದ್ದೆ.

ಸಂಶಯ ಒಬ್ಬರ ಮೇಲೆಯೇ ನಿಲ್ಲುವುದಿಲ್ಲ ಎಂಬುದನ್ನೂ ಆ ವರ್ಷಗಳಲ್ಲಿ ಕಲಿತೆ. ಇವರದು ಮೋಟರ್ ವೈಂಡಿಂಗ್ ಅಂಗಡಿ. ಆಗಾಗ ಭಾನುವಾರ ಮುನವಳ್ಳಿಯ ಕಡೆ ಹೊಲದ ಪಂಪು ನೋಡಿ ಬರುತ್ತೇನೆಂದು ಹೋಗುತ್ತಿದ್ದರು. ಒಂದು ದಿನ ಬಟ್ಟೆ ಒಗೆಯಲು ಅಂಗಿಯ ಜೇಬು ನೋಡಿದರೆ ರಾಮದುರ್ಗದ ಬಸ್ ಟಿಕೆಟ್ಟು. ಅಲ್ಲಿಂದ ಏನು ತರುತ್ತಾರೆ, ಯಾವುದರಲ್ಲಿ ಬೆರೆಸುತ್ತಾರೆ ಎಂದು ಅವತ್ತೇ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಬರಿದು ಮಾಡಿ ನೋಡಿದೆ. ಸಂಜೆ ಇವರು ಬಂದಾಗ ಖಾರದ ಪುಡಿ, ಸಾಸಿವೆ, ಸಕ್ಕರೆ ಎಲ್ಲ ಕಾಗದದ ಮೇಲೆ ಹರಡಿದ್ದವು. ಟಿಕೆಟ್ಟನ್ನು ಮುಂದೆ ಹಿಡಿದೆ.

ಇವರು ಸಕ್ಕರೆಯ ಗುಡ್ಡೆಯನ್ನು ನೋಡಿದರು.

‘ಒಡಹುಟ್ಟಿದಣ್ಣನ ಮನಿಗೆ ಕಳ್ಳರಂಗ ಹೋಗಿ ಬರೂ ಹಂಗ ಮಾಡಿದಿ ನನ್ನ,’ ಅಂದರು. ‘ಇನ್ನ ನಾನೂ ಹಾಕತೇನಿ ಅನ್ನಾಕ ಹತ್ತಿದೇನ?’

ನಾನು ಇಲ್ಲ ಅನ್ನಲಿಲ್ಲ. ಅದೇ ದೊಡ್ಡ ಪಾಪ. ಆ ರಾತ್ರಿ ಇವರು ತಾವೇ ಅನ್ನ ಮಾಡಿಕೊಂಡು ಉಂಡರು, ನನಗೆ ಬಡಿಸಲಿಲ್ಲ.

ಕಳೆದ ವರ್ಷ ನನ್ನ ಒಂದು ದವಡೆ ಹಲ್ಲು ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರು ನೋವಿಗೆ ಎಂದು ಒಂದು ಗುಳಿಗೆ ಕೊಟ್ಟು, ಮನೆಗೆ ಹೋಗಿ ತೆಗೆದುಕೊಳ್ಳಿ ಅಂದರು. ನಿಮಗೆ ಯಾವುದಾದರೂ ಗುಳಿಗೆ ಆಗಿಬರುವುದಿಲ್ಲವೇ ಎಂದು ಅವರು ಕೇಳಿದ್ದರು, ಇಲ್ಲ ಎಂದು ನಾನೇ ಹೇಳಿದ್ದೆ. ಹಲ್ಲು ಕಿತ್ತ ಬಾಯಿ, ಊಟವಿಲ್ಲ. ನೀರಿನಲ್ಲಿ ಗುಳಿಗೆ ನುಂಗಿದೆ. ಅರ್ಧ ತಾಸಿನಲ್ಲಿ ನನ್ನ ತುಟಿ ನೀಲಿಯಾಗಿತ್ತಂತೆ. ಇವರು ನನ್ನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದ್ದು, ಮೂಗಿಗೆ ಆಕ್ಸಿಜನ್ ಹಚ್ಚಿದ್ದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ. ಆಟೋದಲ್ಲಿ ಇವರ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇಷ್ಟು ದಿನ ಅನುಮಾನ ಪಟ್ಟ ಮನುಷ್ಯನ ತೋಳಿನಲ್ಲಿಯೇ ಸಾಯುತ್ತೇನೇನೋ ಎಂದುಕೊಂಡದ್ದು.

ಆ ದವಾಖಾನೆಗೆ ವಾರಕ್ಕೆರಡು ದಿನ ಶ್ವಾಸಕೋಶದ ಡಾಕ್ಟರೊಬ್ಬರು ಬರುತ್ತಿದ್ದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂರನೆಯ ದಿನ ನನ್ನ ಹಾಸಿಗೆಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ಮೊದಲಿನಿಂದ ಹೇಳಿರಿ ಅಂದರು. ನಾನು ರಾಮದುರ್ಗದಿಂದ ಶುರು ಮಾಡಿದೆ. ಹೋಳಿಗೆ, ತುಪ್ಪ, ಬೇರೆ ಕಟ್ಟಿದ ಕಾಗದ, ಕಿತ್ತೂರಿನ ಕೋಟೆ. ಅವರು ನಡುವೆ ತಡೆದರು.

‘ಊಟದ್ದು ಬಿಡ್ರಿ ಟೀಚರ್ರ. ಗುಳಗಿ ಏನ ತಗೊಂಡಿದ್ರಿ?’

‘ಯಾವಾಗ?’

‘ಹೋಳಿಗಿ ತಿಂದ ದಿನಾ.’

‘ಹೊಟ್ಟಿನೋವಿಂದು. ನೋವು ಜೋರಾದಾಗ ತಗೋತೇನಲ್ರಿ.’

‘ಕಿತ್ತೂರಾಗ?’

ನಾನು ನೆನಪಿಸಿಕೊಂಡೆ. ಅವತ್ತೂ ಹೊಟ್ಟೆನೋವಿತ್ತು. ಬಸ್ ಹತ್ತುವ ಮೊದಲು ಅದೇ ಗುಳಿಗೆ. ಅವರು ನನ್ನ ಮೂಗಿನೊಳಗೆ ಬ್ಯಾಟರಿ ಹಾಕಿ ನೋಡಿದರು. ಎರಡೂ ಹೊಳ್ಳೆಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಮಾಂಸ ಬೆಳೆದಿದೆ, ವಾಸನೆ ಹೋದದ್ದು ಅದರಿಂದ ಅಂದರು. ಉಬ್ಬಸ, ಮೂಗಿನ ಮಾಂಸ, ನೋವಿನ ಗುಳಿಗೆ ಆಗಿಬರದಿರುವುದು, ಈ ಮೂರೂ ಕೂಡಿ ನಡುವಯಸ್ಸಿನಲ್ಲಿ ಶುರುವಾಗುವ ಒಂದು ಬೇನೆಯೇ ಇದೆಯಂತೆ.

‘ನೀವು ವಿಜ್ಞಾನ ಹೇಳವ್ರು, ನಿಮಗ ತಿಳಿಸಿ ಹೇಳತೇನಿ,’ ಎಂದು ಅವರು ನನ್ನ ಕೇಸ್ ಪೇಪರಿನ ಹಿಂದೆ ಒಂದು ಗೋಲ ಬರೆದರು. ‘ಜೀವಕೋಶದ ಪೊರೆ ಎದರಿಂದ ಆಗಿರ್ತೈತ್ರಿ?’

‘ಕೊಬ್ಬು. ನಡುವ ಪ್ರೋಟೀನು.’

‘ಹೂಂ. ಕೋಶಕ್ಕ ಏನರ ತ್ರಾಸ ಆತಂದ್ರ, ಆ ಪೊರೆಯೊಳಗಿನ ಕೊಬ್ಬಿಂದನ ಒಂದು ಚೂರು ಕತ್ತರಿಸಿ ತಗೀತೈತಿ. ಆ ಚೂರು ಎರಡು ಹಾದಿ ಹಿಡೀಬಹುದು. ಒಂದು ಹಾದಿಯೊಳಗ ಪ್ರೊಸ್ಟಾಗ್ಲಾಂಡಿನ್ ಆಗತಾವು. ನೋವು, ಜ್ವರ, ನಿಮ್ಮ ತಿಂಗಳ ಹೊಟ್ಟಿನೋವು, ಎಲ್ಲಾ ಅವುಗಳಿಂದನ. ಇನ್ನೊಂದು ಹಾದಿಯೊಳಗ ಲ್ಯೂಕೋಟ್ರೈನ್ ಆಗತಾವು. ಇವು ಕೋಶದ ಒಳಗ ಹೋಗಂಗಿಲ್ಲ. ಶ್ವಾಸನಾಳದ ಸ್ನಾಯುವಿನ ಕೋಶದ ಮೈಮ್ಯಾಲೆ ಇವಕ್ಕಂತನ ಗ್ರಾಹಕ, ಅಂದ್ರ ರಿಸೆಪ್ಟರ್ ಇರತಾವು. ಅದರ ಮ್ಯಾಲೆ ಹೋಗಿ ಕುಂತ್ವು ಅಂದ್ರ ಸಾಕು, ಒಳಗ ಸುದ್ದಿ ಮುಟ್ಟತೈತಿ, ಸ್ನಾಯು ಬಿಗೀತೈತಿ. ಹೊರಗ ಕುಂತ ಒಳಗಿನ ಕೆಲಸಾ ಮಾಡಸ್ತಾವು.’

‘ಗುಳಗಿ ಏನ ಮಾಡ್ತೈತ್ರಿ?’

‘ಗುಳಗಿ ಮೊದಲನೇ ಹಾದಿ ಮುಚ್ಚತೈತಿ. ನೋವು ಹೋಗೂದು ಹಂಗ. ಆದರ ಪ್ರೊಸ್ಟಾಗ್ಲಾಂಡಿನ್‌ದಾಗ ಒಂದು ಒಳ್ಳೇದೈತಿ. ಅದು ತನ್ನ ಗ್ರಾಹಕದ ಮ್ಯಾಲೆ ಕುಂತು ಲ್ಯೂಕೋಟ್ರೈನ್ ಆಗೂದನ್ನ ಹಿಡದ ಇಟ್ಟಿರತೈತಿ. ಗುಳಗಿ ನುಂಗಿದ್ರಿ, ಹಿಡಿಯಾವ್ರು ಯಾರೂ ಉಳೀಲಿಲ್ಲ. ಎಲ್ಲಾರಿಗೂ ಹಿಂಗಾಗಂಗಿಲ್ಲ. ನಿಮ್ಮಂಥಾ ಕೆಲವ್ರಿಗೆ ಅರ್ಧಾ ತಾಸಿನ್ಯಾಗ ಎದಿ ಕಟ್ಟತೈತಿ.’

ಅದಕ್ಕೆ ಔಷಧವೂ ಇತ್ತು. ಆ ಗ್ರಾಹಕದ ಮೇಲೆ ತಾನೇ ಮೊದಲು ಹೋಗಿ ಕೂತು, ಲ್ಯೂಕೋಟ್ರೈನ್‌ಗೆ ಜಾಗ ಕೊಡದ ಒಂದು ಗುಳಿಗೆ. ಜೊತೆಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪು. ಯಾವ ನೋವಿನ ಗುಳಿಗೆ ಮುಟ್ಟಲೇಬಾರದು, ಯಾವುದನ್ನು ಅವರನ್ನು ಕೇಳಿ ತೆಗೆದುಕೊಳ್ಳಬಹುದು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಪರ್ಸಿನಲ್ಲಿ ಯಾವಾಗಲೂ ಇಟ್ಟುಕೊಳ್ಳಿ ಅಂದರು. ಮನೆಯಲ್ಲಿ ನೀವೇ ನುಂಗಿ ಪರೀಕ್ಷೆ ಮಾಡಲು ಹೋಗಬೇಡಿ ಎಂದೂ ಎಚ್ಚರಿಸಿದರು. ನನ್ನ ಸ್ವಭಾವ ಅವರಿಗೆ ತಿಳಿದಿತ್ತೆಂದು ತೋರುತ್ತದೆ.

ನಾನು ಅವರನ್ನೂ ಪೂರ್ತಿ ನಂಬಲಿಲ್ಲ. ದಿನಾ ನುಂಗುವ ಗುಳಿಗೆ ಮಾರಲು ಇಷ್ಟು ದೊಡ್ಡ ಕತೆ ಕಟ್ಟಿರಬಹುದು ಅನ್ನಿಸಿತು. ಮನೆಗೆ ಬಂದು ಹಳೆಯ ಪಾಠ ಟಿಪ್ಪಣಿ ಪುಸ್ತಕಗಳನ್ನು ತೆಗೆದೆ. ರಜೆ ಹಾಕಿದ ದಿನ ಯಾಕೆ ಹಾಕಿದೆ ಎಂದು ಅಂಚಿನಲ್ಲಿ ಬರೆದಿಡುವ ರೂಢಿ ನನಗಿದೆ. ಇವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಪ್ರತಿ ಸಲವೂ ಇವರಿಗೆ ನೆನಪಿತ್ತು. ಅವತ್ತು ನಿನಗೆ ಸೊಂಟ ಹಿಡಿದಿತ್ತು, ಔಷಧದ ಅಂಗಡಿಯಿಂದ ನಾನೇ ತಂದುಕೊಟ್ಟೆ. ಅವತ್ತು ಜ್ವರ. ಅವತ್ತು ಹೊಟ್ಟೆನೋವು. ಒಂದೊಂದಾಗಿ ಎಲ್ಲವೂ ಹೊಂದಿಕೊಂಡವು.

ಒಂದು ಮಾತ್ರ ಹೊಂದಲಿಲ್ಲ. ರಾಮದುರ್ಗದ ಮೊದಲ ದಿನ. ಅವತ್ತು ನಾನು ಗುಳಿಗೆ ತೆಗೆದುಕೊಂಡ ನೆನಪು ನನಗಿರಲಿಲ್ಲ. ನನ್ನ ಚೀಲದಲ್ಲಿಯೂ ಇರಲಿಲ್ಲ, ಅದು ಖಾತ್ರಿ. ಆಗ ಇವರು ಹೊರಗೆ ಮಂಟಪ ಕಟ್ಟಿಸುತ್ತಿದ್ದರು, ಇವರಿಗೂ ಗೊತ್ತಿರಲಿಲ್ಲ. ಹಾಗಾದರೆ ಆ ಒಂದು ದಿನ? ಹತ್ತು ಉತ್ತರ ಸರಿ ಬಂದರೂ ನನ್ನ ಮನಸ್ಸು ಆ ಹನ್ನೊಂದನೆಯದನ್ನು ಹಿಡಿದುಕೊಂಡು ಜೋತುಬಿತ್ತು. ಅದನ್ನು ಬಲ್ಲವಳು ಒಬ್ಬಳೇ.

ಒಂದು ಭಾನುವಾರ ಯಾರಿಗೂ ಹೇಳದೆ ಹೊರಟೆ. ಸವದತ್ತಿಯಲ್ಲಿ ಬಸ್ಸು ಇಳಿದು, ಇಲ್ಲಿಂದಲೇ ತಿರುಗಿ ಹೋಗೋಣವೇ ಎಂದು ಅರ್ಧ ತಾಸು ಬೆಂಚಿನ ಮೇಲೆ ಕೂತೆ. ರಾಮದುರ್ಗದ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ.

ಮನೆಯ ಮುಂದೆ ನಿಂತಾಗ ಮಗ್ಗಗಳು ಓಡುತ್ತಿದ್ದವು. ಅಕ್ಕ ಪಡಸಾಲೆಯಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಗೆ ನೂಲು ಸುತ್ತುತ್ತ ಕೂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಹೊಸ್ತಿಲ ಒಳಗೆ ನೆಲದ ಮೇಲೆ ಕೂತೆ. ಮಗ್ಗದ ಸದ್ದಿನಲ್ಲಿ ಮೆಲ್ಲಗೆ ಕೇಳಲು ಬರುವಂತಿರಲಿಲ್ಲ. ಹೀಗಾಗಿ ಜೀವನದ ಅತ್ಯಂತ ನಾಚಿಕೆಯ ಪ್ರಶ್ನೆಯನ್ನು ನಾನು ಕೂಗಿ ಕೇಳಬೇಕಾಯಿತು.

‘ಅಕ್ಕಾ, ತೊಟ್ಟಿಲದ ದಿನಾ ನಾ ಬಂದಾಗ ಏನರ ಗುಳಗಿ ತಗೊಂಡಿದ್ನೇನ್ರಿ?’

ಅಕ್ಕನ ಕೈ ರಾಟೆಯ ಮೇಲೆ ನಿಂತಿತು.

‘ತಲಿ ಒಡ್ಯಾಕ ಹತ್ತೈತಿ ಅಂದಿ. ಚಾದ ಸಂಗಾಟ ನಾನ ಕೊಟ್ಟೆ. ನಿಮ್ಮ ಭಾವನ ಮೊಣಕಾಲಿಗೆ ತಂದಿದ್ದು ಒಂದ ಉಳದಿತ್ತ.’

ಚಾ ಕುಡಿದದ್ದು, ಅಕ್ಕ ಅಂಗೈ ಮುಂದೆ ಚಾಚಿದ್ದು, ನಾನು ನೋಡದೆಯೇ ಎತ್ತಿಕೊಂಡು ನುಂಗಿದ್ದು, ಎಲ್ಲ ಆಗ ನೆನಪಾಯಿತು. ನನಗೆ ಅಳು ಬಂತು. ಅಳುತ್ತಲೇ ಒದರಿದೆ.

‘ಅದ ಅಕ್ಕಾ! ಅದರಿಂದನ ಆಗಿದ್ದು. ನೀವು ಕೊಟ್ಟ ಗುಳಗಿಯಿಂದನ!’

ಹೇಳಿದ ಮೇಲೆ ಆ ಮಾತು ಹೇಗೆ ಕೇಳಿಸಿರಬಹುದೆಂದು ನನಗೆ ಹೊಳೆಯಿತು. ಅಕ್ಕ ಎದ್ದು ನಿಂತಿದ್ದಳು.

‘ಅಂದ್ರ? ಮೂರ ವರ್ಷ ಆದಮ್ಯಾಲೆ ಮತ್ತ ನನ್ನ ಕೈಯಿಂದನ ಆತು ಅಂತ ಹೇಳಾಕ ಬಂದೀಯೇನ?’

ಒಳಗಿನಿಂದ ಭಾವ ಬಂದು ಮಗ್ಗಗಳ ಸ್ವಿಚ್ಚು ಬಂದ್ ಮಾಡಿದರು. ಮನೆ ಒಮ್ಮೆಲೇ ಸುಮ್ಮನಾಯಿತು. ನಾನು ಪರ್ಸಿನಿಂದ ಡಾಕ್ಟರ ಚೀಟಿ ತೆಗೆದು ಅವರ ಕೈಗೆ ಕೊಟ್ಟು, ಬಿಕ್ಕುತ್ತ, ತಡವರಿಸುತ್ತ, ಪೊರೆ, ಕೊಬ್ಬಿನ ಚೂರು, ಎರಡು ಹಾದಿ ಎಲ್ಲ ಹೇಳಿದೆ. ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳುವ ನನಗೆ ಅವರಿಬ್ಬರ ಮುಂದೆ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ತಪ್ಪು ಗುಳಿಗೆಯದಲ್ಲ, ಕೊಟ್ಟವರದಲ್ಲ, ನನ್ನ ಮೈಯೇ ಹಾಗೆ ಎಂಬುದನ್ನು ಮೂರು ಸಲ ಹೇಳಿದೆ. ಕೊನೆಗೆ ಅಕ್ಕನ ಕಾಲು ಹಿಡಿಯಲು ಹೋದೆ. ಆಕೆ ಹಿಂದೆ ಸರಿದಳು.

‘ಕಾಲ ಹಿಡೀಬ್ಯಾಡ. ಹಿಡದ್ರ ಬಿಡಸ್ಕೊಳ್ಳಾಕ ನಾ ಆತ ಬಿಡು ಅನ್ನಬೇಕಾಗತೈತಿ.’

ಆಮೇಲೆ ರಾಟೆಯ ಮುಂದೆ ತಿರುಗಿ ಕೂತು ಮಾತಾಡಿದಳು. ದನಿ ಸಣ್ಣದಾಗಿತ್ತು. ಅಷ್ಟು ಸಣ್ಣ ದನಿ ಆಕೆಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

‘ನಿನಗ ಗೊತ್ತೈತೇನ? ಆ ಪಂಕ್ತಿ ಆದಮ್ಯಾಲೆ ನಮ್ಮ ಓಣ್ಯಾಗೂ ಸುದ್ದಿ ಬಂತು. ನನ್ನ ಮಗಳು ಕೂಸಿನ್ನ ಕರಕೊಂಡ ಬಂದಾಗೆಲ್ಲಾ ಅದಕ್ಕ ತಾನ ಉಣಸ್ತಾಳ. ನನ್ನ ಕೈಯಾಗ ತಾಟ ಕೊಡಂಗಿಲ್ಲ. ಬಾಯಿ ಬಿಟ್ಟ ಅಂದಿಲ್ಲ. ಆದರ ಕೊಡಂಗಿಲ್ಲ.’

ಒಂದು ಕುಟುಂಬದಲ್ಲಿ ನಾನು ಬಿತ್ತಿದ್ದು ನಾನು ಕಾಣದ ಹೊಲದಲ್ಲೂ ಹುಟ್ಟಿತ್ತು.

ಹೊರಡುವಾಗ ನೀರು ಕೇಳಿದೆ. ಅಕ್ಕ ಅಡಿಗೆಮನೆಯ ಕಡೆ ಕೈ ತೋರಿಸಿದಳು. ‘ಕೊಡದಾಗ ಐತಿ. ನೀನ ತುಂಬಕೊಂಡ ಕುಡಿ. ನಾ ಮಾತ್ರ ನಿನಗ ಏನೂ ಕೊಡಂಗಿಲ್ಲ.’ ನಾನು ಒಳಗೆ ಹೋಗಿ ತುಂಬಿಕೊಂಡು ಕುಡಿದೆ. ಭಾವ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟು ಹೋದರು.

ಆ ಮೇಲೆ ಒಂದು ಕೆಲಸ ಮಾಡಿದೆ. ಅಕ್ಕನ ಮಗಳು ಇರುವುದು ಸವದತ್ತಿಯಲ್ಲಿ. ಅಲ್ಲಿಗೆ ಹೋಗಿ ಆಕೆಯನ್ನೂ ಆಕೆಯ ಅತ್ತೆಯನ್ನೂ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದೆ. ಆ ಅತ್ತೆ ಎಲ್ಲ ಕೇಳಿ, ‘ಡಾಕ್ಟರು ನೂರಾ ಎಂಟ ಹೇಳತಾರ ಬಿಡ್ರಿ’ ಅಂದಳು. ಮಗಳು ಎದ್ದು ಕೂಸಿಗೆ ಉಣಿಸಲು ಒಳಗೆ ಹೋದಳು. ಅವ್ವನಿಗೂ ಹೇಳಿದೆ. ಗುಳಿಗೆಯಿಂದಲೇ ಆಯಿತು ಎಂದಮೇಲೆ ಅವ್ವ, ‘ಮತ್ತ ಆ ಗುಳಗಿ ಕೊಟ್ಟಾಕಿ ಯಾರ?’ ಎಂದು ಕೇಳಿದಳು. ಅವ್ವನ ಜೊತೆ ಮೊದಲ ಸಲ ಜಗಳವಾಡಿ ದೇಗಾಂವದಿಂದ ಊಟ ಮಾಡದೆ ಬಂದೆ.

ಮೂಗಿನ ಮಾಂಸ ತೆಗೆಸಿದೆ. ಕೆಲವು ದಿನ ವಾಸನೆ ಬಂತು. ಸೀಮೆಸುಣ್ಣದ ವಾಸನೆ, ಇವರ ಅಂಗಿಯ ವಾರ್ನಿಷ್ ವಾಸನೆ. ಈಗ ಮತ್ತೆ ಅರ್ಧದಷ್ಟೇ ಇದೆ. ಪಂಪು ದಿನಾ ಎರಡು ಸಲ. ಉಬ್ಬಸ ಬಂದು ವರ್ಷ ಆಗುತ್ತ ಬಂತು.

ಗ್ರಾಹಕದ ಮೇಲೆ ಕೂರುವ ಆ ಗುಳಿಗೆಯನ್ನು ಮಾತ್ರ ಬಿಡಿಸಿದ್ದಾರೆ. ಕೆಲವರಿಗೆ ಅದರಿಂದ ಕೆಟ್ಟ ಕನಸುಗಳು ಬೀಳುತ್ತವೆ, ಮನಸ್ಸು ಕೆಡುತ್ತದೆ, ಏನಾದರೂ ಅನ್ನಿಸಿದರೆ ಕೂಡಲೇ ಹೇಳಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಎರಡು ತಿಂಗಳು ತೆಗೆದುಕೊಂಡ ಮೇಲೆ ನನಗೂ ಅಂಥ ಕನಸುಗಳು ಬೀಳತೊಡಗಿದವು, ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆಯೇ ಮಾತಾಡುತ್ತಾರೆ, ನನ್ನ ನೀರಿನ ಬಾಟಲಿಯನ್ನು ಯಾರೋ ಮುಟ್ಟಿದ್ದಾರೆ ಅನ್ನಿಸತೊಡಗಿತು. ಈ ಸಲ ಅವ್ವನಿಗೆ ಹೇಳಲಿಲ್ಲ. ನೇರ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ.

‘ಗುಳಗಿ ನಿಲ್ಲಸ್ರಿ, ನಾಳೆ ಬಂದ ಭೆಟ್ಟಿ ಆಗ್ರಿ,’ ಅಂದರು. ಆಮೇಲೆ, ‘ಈ ಅನುಮಾನ ಗುಳಗಿದೋ ನಿಮ್ಮದೋ ಅಂತ ನನಗ ಹೇಳಾಕ ಆಗಂಗಿಲ್ಲ ಟೀಚರ್ರ. ಬಿಟ್ಟ ನೋಡೂಣು,’ ಅಂದರು.

ಬಿಟ್ಟು ಎಂಟು ತಿಂಗಳಾಯಿತು. ಕನಸುಗಳು ಹೋದವು. ಬಾಟಲಿಯ ವಿಚಾರ ಪೂರ್ತಿ ಹೋಗಿಲ್ಲ. ಶಾಲೆಗೆ ಹೋಗುವಾಗ ಅದನ್ನು ಚೀಲದ ತಳದಲ್ಲಿ, ಪುಸ್ತಕಗಳ ಕೆಳಗೆ ಇಡುತ್ತೇನೆ. ಮೊನ್ನೆ ಇವರು ಅದನ್ನು ನೋಡಿದರು, ಪುಸ್ತಕಗಳನ್ನು ಮತ್ತೆ ಅದರ ಮೇಲೆ ಇಟ್ಟು ಅಂಗಡಿಗೆ ಹೋದರು.